ಕಮರಿಯಲ್ಲಿ ಒಂಟಿ ಬಿಡಾರ

ಜಡಿಗೇನಹಳ್ಳಿಯ ಬಯಲಿನಲ್ಲಿ ನಿಂತವನಿಗೆ ನದಿಯ ಕಮರಿಯೆಂದರೇನೆಂದು ಊಹಿಸುವುದು ಕಷ್ಟ. ಆದರೆ ಹೊಸಕೋಟೆಯ ಬಳಿ ಹರಿಯುವ ದಕ್ಷಿಣ ಪಿನಾಕಿನಿಯಂತೆಯೇ ನಂದಿಯ ಗಿರಿಶ್ರೇಣಿಯಲ್ಲಿ ಹುಟ್ಟುವ ಉತ್ತರ ಪಿನಾಕಿನಿಯು ಆಂಧ್ರದ ಗಂಡಿಕೋಟೆಯಲ್ಲಿ ಎರ್ರಮಲ ಬೆಟ್ಟಗಳನ್ನು ಸೀಳಿ, ಸುಮಾರು ೩೦೦ ಅಡಿ ಅಗಲದ ಆಳವಾದ ಕಮರಿಯನ್ನು ಕೊರೆದಿದೆ. ಇಂತಹ ಕಮರಿಗಳಿಗೆ ಏಕಾಂಗಿಯಾಗಿ ಹೊರಟ ವಿದ್ಯಾರ್ಥಿಯು ಗುಡಾರವನ್ನು ಎಲ್ಲಿ ಹೂಡಬೇಕು?

ತಳದ ಒಣಮರಳು ಮೆತ್ತಗಿರುತ್ತದೆ. ಆದರೂ ಅಲ್ಲಿ ಮಲಗಕೂಡದು. ಬಹುದೂರದಲ್ಲಿ ಸುರಿದ ಮಳೆಯೂ ಅದೇ ಪಾತ್ರಕ್ಕೆ ಬಂದು ಸೇರುವುದು. ಬಯಲಿನಲ್ಲಾದರೆ ನೀರು ಅಗಲಕ್ಕೆ ಹರಡೀತು. ಬಂಡೆಗೋಡೆಗಳ ನಡುವೆ ಅದು ಮೇಲಕ್ಕೇರಲೇಬೇಕು. ನೆತ್ತಿಯ ಮೇಲೆ ನಕ್ಷತ್ರಗಳು ಹೊಳೆಯುತ್ತಿರುವಾಗಲೇ ನೆರೆ ಬರಬಹುದು. ಎಬ್ಬಿಸಲು ಜೊತೆಗಾರನೂ ಇಲ್ಲ! ಬಂಡೆಯ ಬಿರುಕುಗಳಲ್ಲಿ ಸಿಕ್ಕಿರುವ ಕಸಕಡ್ಡಿಯನ್ನು ನೋಡಿರಿ: ಹಿಂದಿನ ನೆರೆ ಅಷ್ಟೆತ್ತರ ಬಂದಿತ್ತು. ಗುಡಾರವು ಅದಕ್ಕಿಂತ ಬಹಳ ಮೇಲಿರಲಿ; ಮುಂದಿನ ನೆರೆ ಇನ್ನೂ ದೊಡ್ಡದಾದೀತು.