ಒಂದೇ ಹೆಸರಿನ ಎರಡು ಶಿಲೀಂಧ್ರಗಳು

ತೊಗಟೆ ಕೊರೆಯುವ ದುಂಬಿ ಮರವನ್ನು ಕೊಂದಿತೆಂದು ನಾವು ಹೇಳುವಾಗ, ಎಷ್ಟೋ ಸಲ ನಿಜವಾದ ಅಪರಾಧಿ ಅದು ಹೊತ್ತು ತಂದ ಶಿಲೀಂಧ್ರವಾಗಿರುತ್ತದೆ. ಯೂರೋಪಿನ ಎಲ್ಮ್ ಮರಗಳ ದುರಂತ ಇದಕ್ಕೆ ನಿದರ್ಶನ. ಸಾಯುತ್ತಿರುವ ಎಲ್ಮ್‌ನ ತೊಗಟೆಯಡಿ ದುಂಬಿಗಳು ಕೊರೆದ ಸುರಂಗಗಳಲ್ಲಿ ಶಿಲೀಂಧ್ರವು ಅಂಟಾದ ಬೀಜಕಣಗಳನ್ನು ಹೊರಸೂಸುತ್ತದೆ. ಹೊರಬರುವ ದುಂಬಿ ಅವನ್ನು ಮೈಗಂಟಿಸಿಕೊಂಡು ಆರೋಗ್ಯವಂತ ಮರದ ಎಳೆಯ ರೆಂಬೆಗಳನ್ನು ಮೇಯಲು ಹೋಗುತ್ತದೆ. ನೀರು ಸಾಗಿಸುವ ನಾಳಗಳು ಮುಚ್ಚಿಹೋಗಿ ಮರ ಒಣಗುತ್ತದೆ.

1922ರಲ್ಲಿ ಈ ಶಿಲೀಂಧ್ರವನ್ನು ಗುರುತಿಸಿದವರು ನೆದರ್ಲೆಂಡ್ಸ್‌ನ ವಿಜ್ಞಾನಿ ಬಿಯಾ ಶ್ವಾರ್ಜ್. ಆರಂಭದ ಸಂಶೋಧನೆ ಅಲ್ಲಿ ನಡೆದುದರಿಂದಲೇ 'ಡಚ್ ಎಲ್ಮ್ ರೋಗ' ಎಂಬ ಹೆಸರು ಬಂತು. ಪತ್ತೆ ಹಚ್ಚಿದವರಿಗೇ ಕಳಂಕ ಅಂಟಿಸುವುದು ಲೋಕರೂಢಿ! 1927ರಲ್ಲಿ ಬ್ರಿಟನ್ನಿನಲ್ಲಿ ಕಾಣಿಸಿಕೊಂಡ ರೋಗ ಕೆಲವು ದಶಕಗಳಲ್ಲಿ ಸೌಮ್ಯವಾಯಿತು. ಶಿಲೀಂಧ್ರದ ವರ್ತನೆ ಬದಲಾಗದಿದ್ದರೆ ಮಹಾವಿಪತ್ತು ಸಂಭವಿಸದೆಂದು 1960ರಲ್ಲಿ ಅಲ್ಲಿನ ಅರಣ್ಯ ಆಯೋಗದ ಟಿ.ಆರ್. ಪೀಸ್ ಬರೆದರು.

ಅದೇ ದಶಕದಲ್ಲಿ ಕೆನಡಾದಿಂದ ಬಂದ ಎಲ್ಮ್ ದಿಮ್ಮಿಗಳೊಡನೆ ಮತ್ತೊಂದು ಶಿಲೀಂಧ್ರ ಬಂದಿಳಿಯಿತು. ಆದರೆ ಎರಡಕ್ಕೂ ಇದ್ದುದು ಒಂದೇ ಹೆಸರು. ದೇಶದಲ್ಲಿ ಆಗಲೇ ನೆಲೆಸಿರುವ ರೋಗವನ್ನು ಬಂದರಿನಲ್ಲಿ ತಡೆಯಿರೆಂದು ಯಾವ ಅಧಿಕಾರಿ ತಾನೇ ಟಿಪ್ಪಣಿ ಬರೆದಾನು? ಕಡತಗಳ ನಡುವೆ ಆಯುಷ್ಯ ಸವೆಸಿದ ನನಗೆ ಆ ಇಕ್ಕಟ್ಟು ಚೆನ್ನಾಗಿ ಅರ್ಥವಾಗುತ್ತದೆ. ಮುಂದೆ ಬ್ರಿಟನ್ ಕಳೆದುಕೊಂಡ ಎಲ್ಮ್‌ಗಳು ಎರಡೂವರೆ ಕೋಟಿಗೂ ಹೆಚ್ಚೆಂದು ಅಂದಾಜು.

ಇವೆರಡನ್ನೂ ಬೇರ್ಪಡಿಸಿದ ಪರೀಕ್ಷೆ ದುಬಾರಿಯದೇನಲ್ಲ. ಗಾಜಿನ ತಟ್ಟೆಯಲ್ಲಿ ಬೆಳೆಸಿದಾಗ ಹೊಸತು ತಂಪಿನಲ್ಲಿ ವೇಗವಾಗಿ ಹಬ್ಬುತ್ತದೆ. 33 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಳೆಯದು ಬೆಳೆಯುತ್ತದೆ, ಹೊಸತು ಬಹುಮಟ್ಟಿಗೆ ನಿಂತುಬಿಡುತ್ತದೆ. ತಟ್ಟೆಯಲ್ಲಿನ ಲಕ್ಷಣಕ್ಕೂ ಮರ ಕೊಲ್ಲುವ ಶಕ್ತಿಗೂ ಸಂಬಂಧವಿದೆಯೆಂದು ಗಿಬ್ಸ್ ಮತ್ತು ಬ್ರೇಸಿಯರ್ 1973ರಲ್ಲಿ ತೋರಿಸಿದರು. ಬ್ರೇಸಿಯರ್ ಅದಕ್ಕೆ 'ಒಫಿಯೊಸ್ಟೊಮಾ ನೋವೊ-ಉಲ್ಮಿ' ಎಂಬ ಪ್ರತ್ಯೇಕ ಹೆಸರಿಟ್ಟಿದ್ದು 1991ರಲ್ಲಿ. ಅಷ್ಟರಲ್ಲಿ ಮರಗಳು ಉರುಳಿಯಾಗಿತ್ತು. ಇಂದು ಡಿಎನ್‌ಎ ಪರೀಕ್ಷೆಯಿದೆ. ಆದರೆ ಈ ಎರಡು ಪ್ರಭೇದಗಳು ಪರಸ್ಪರ ಕೂಡಿ ಜೀನುಗಳನ್ನು ಹಂಚಿಕೊಂಡಿರುವುದರಿಂದ ಒಂದೇ ಜೀನನ್ನು ನಂಬಿ ತೀರ್ಪು ಕೊಡುವುದು ಅಪಾಯಕರ. ಹಲವು ಜೀನುಗಳನ್ನು ಹೋಲಿಸಬೇಕು, ಹೋಲಿಕೆಗೆ ಜೋಪಾನವಾಗಿ ಕಾಪಿಟ್ಟ ಹಳೆಯ ಮಾದರಿಗಳಿರಬೇಕು.

ಇದು ದೂರದವರ ಕಥೆಯೇನಲ್ಲ. ಪಶ್ಚಿಮ ಹಿಮಾಲಯದ ಎಲ್ಮ್‌ಗಳಲ್ಲಿನ ದುಂಬಿ ಸುರಂಗಗಳಿಂದ ಬ್ರೇಸಿಯರ್ ಮತ್ತು ಮೆಹ್ರೋತ್ರಾ ಮೂರನೆಯ ಪ್ರಭೇದವನ್ನು ಪತ್ತೆಮಾಡಿ 1995ರಲ್ಲಿ 'ಹಿಮಾಲ್-ಉಲ್ಮಿ' ಎಂದು ಹೆಸರಿಸಿದರು. ತವರಿನ ಮರಗಳಲ್ಲಿ ಅದು ರೋಗದ ಹಾವಳಿಯೆಬ್ಬಿಸದೆ ಇದೆ. ಯೂರೋಪಿನ ಎಲ್ಮ್‌ಗೆ ಚುಚ್ಚಿ ನೋಡಿದಾಗ ರೋಗ ತಂದಿತು. ಸಾಧುವೆನಿಸಿದ ಶಿಲೀಂಧ್ರ ಮತ್ತೊಂದು ಖಂಡದಲ್ಲಿ ಕೊಲೆಗಾರನಾಗಬಲ್ಲದೆಂದ ಮೇಲೆ, ಹೊರಗಿನ ದಿಮ್ಮಿಗಳಲ್ಲಿ ನಮ್ಮ ಕಾಡಿಗೆ ಏನು ಬರುತ್ತಿದೆಯೆಂದು ನೋಡುವವರು ಬೇಡವೇ? 2003ರ ಸಸ್ಯ ಕ್ವಾರಂಟೈನ್ ಆದೇಶ ನಮ್ಮಲ್ಲಿದೆ, ಅದರ ಅನುಬಂಧಗಳಲ್ಲಿ ಕೀಟ-ರೋಗಗಳ ಹೆಸರುಗಳಿವೆ. ಆ ಹೆಸರನ್ನು ತೊಗಟೆಯ ತುಂಡಿನಲ್ಲಿ ಗುರುತಿಸಬಲ್ಲ ಶಿಲೀಂಧ್ರ ವರ್ಗೀಕರಣ ತಜ್ಞರಿಗೆ ಕಾಯಂ ಹುದ್ದೆ ಮಂಜೂರು ಮಾಡಲು ಹಣಕಾಸು ಇಲಾಖೆಗಳು ಹಿಂದೆಮುಂದೆ ನೋಡಬಾರದು.