ಓಡಿದರಷ್ಟೇ ಉಳಿಯುವ ಕಾರುಗಳು

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ಮಾಣಿಯಲ್ಲಿ ಕವಲೊಡೆಯುತ್ತದೆ. ಒಂದು ದಾರಿ ಪುತ್ತೂರು, ಸುಳ್ಯ ದಾಟಿ ಮಡಿಕೇರಿಗೆ ಏರಿದರೆ, ಇನ್ನೊಂದು ಉಪ್ಪಿನಂಗಡಿಯ ಕಡೆಗೆ ಸಾಗಿ ಶಿರಾಡಿ ಘಾಟಿ ಸೇರುತ್ತದೆ. ಉಪ್ಪಿನಂಗಡಿಯ ದಾರಿಯಲ್ಲಿ ಹೋಗಿ ಒಳಗೆ ತಿರುಗಿದರೆ ಧರ್ಮಸ್ಥಳ. ಅಲ್ಲಿ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಹಳೆಯ ಕಾರುಗಳ ಸಂಗ್ರಹಾಲಯವಿದೆ. ಮಂಜುನಾಥನ ದರ್ಶನ ಮುಗಿಸಿದ ಎಷ್ಟೋ ಕುಟುಂಬಗಳಿಗೆ ವಿಂಟೇಜ್ ಕಾರಿನ ಮೊದಲ ಪರಿಚಯ ಆಗುವುದು ಅಲ್ಲೇ. ಒಂದು ವಾಹನದ ಆಕಾರ, ಬಣ್ಣ, ಕಾಲ ಇವನ್ನೆಲ್ಲ ಸಂಗ್ರಹಾಲಯ ಚೆನ್ನಾಗಿಯೇ ಕಾಯುತ್ತದೆ. ಆದರೆ 1940ರಿಂದ 60ರ ದಶಕದ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಮಟ್ಟಿಗೆ ಅಷ್ಟು ಸಾಲದು. ಎಂಜಿ, ಟ್ರಯಂಫ್, ಆಸ್ಟಿನ್-ಹೀಲಿಗಳು ಓಡಿದರೆ ಮಾತ್ರ ಉಳಿಯುತ್ತವೆ, ಮತ್ತು ಓಡಿಸುವ ವಿದ್ಯೆ ನಮ್ಮ ಊರಿನ ಗ್ಯಾರೇಜುಗಳಲ್ಲಿ ಇನ್ನೂ ಸ್ವಲ್ಪ ಉಳಿದಿದೆ ಎಂಬುದು ಈ ಲೇಖನದ ವಾದ.

ಇದು ಬರಿಯ ಭಾವುಕತೆಯಲ್ಲ. ಕಾರು ತಿಂಗಳುಗಟ್ಟಲೆ ನಿಂತಲ್ಲೇ ನಿಂತರೆ ಕಾರ್ಬ್ಯುರೇಟರಿನೊಳಗಿನ ಪೆಟ್ರೋಲ್ ಅಂಟಾಗಿ ಜೆಟ್ ಕಟ್ಟಿಕೊಳ್ಳುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಚಕ್ರದ ಸಿಲಿಂಡರುಗಳನ್ನು ಜಾಮ್ ಮಾಡುತ್ತದೆ. ಎಂಜಿನ್ ಗೋಡೆಯ ಮೇಲಿನ ಎಣ್ಣೆಯ ಪದರ ಇಳಿದುಹೋಗಿ ತುಕ್ಕು ಕೂರುತ್ತದೆ, ರಬ್ಬರ್ ಸೀಲುಗಳು ಒಣಗಿ ಸೀಳುತ್ತವೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಬೆಳ್ತಂಗಡಿ, ಬಂಟ್ವಾಳದಂಥ ಕಡೆ ಇದೆಲ್ಲ ಇನ್ನೂ ಬೇಗ. 1949ರವರೆಗೆ ತಯಾರಾದ ಎಂಜಿ ಟಿಸಿಯ ತಗಡಿನ ಒಳಗಿರುವುದು ಮರದ ಚೌಕಟ್ಟು. ನಮ್ಮ ಮಳೆಗಾಲಕ್ಕೆ ಅದು ಸುಲಭದ ತುತ್ತು. ಓಡಿದರಷ್ಟೇ ಉಳಿವು ಎಂಬುದನ್ನು ಮೂಡುಬಿದಿರೆಯ ಕಡಲಕೆರೆಯಲ್ಲಿ ಕಂಬಳ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಕೆಲವೇ ಸೆಕೆಂಡುಗಳ ಓಟಕ್ಕಾಗಿ ವರ್ಷವಿಡೀ ಕೋಣಗಳ ಮೈ ಉಜ್ಜಿ, ಹುರುಳಿ ಬೇಯಿಸಿ ಹಾಕಿ, ಓಡಿಸಿ ಪಳಗಿಸುವ ಯಜಮಾನನಿಗೆ ಸಾಕಣೆ ಬೇರೆ, ಓಟ ಬೇರೆ ಅಲ್ಲ. ಬ್ರಿಟನ್ನಿನ ಹವ್ಯಾಸಿಗಳೂ ಇದೇ ತಿಳಿವಳಿಕೆಯಿಂದ 1934ರಲ್ಲಿ ವಿಂಟೇಜ್ ಸ್ಪೋರ್ಟ್ಸ್-ಕಾರ್ ಕ್ಲಬ್ ಕಟ್ಟಿದರು. ಅಂಥವರು ಇಂದಿಗೂ ಕಾರು ಓಡಿಸುವ, 1905ರಿಂದ ಬಳಕೆಯಲ್ಲಿರುವ ಶೆಲ್ಸ್‌ಲಿ ವಾಲ್ಷ್ ಗುಡ್ಡದ ಓಟದ ದಾರಿ ಬರೇ 1,000 ಗಜ ಉದ್ದ. ಅಲ್ಲಿ ಒಂದು ಕಾರು ಇನ್ನೊಂದರ ಪಕ್ಕ ಓಡುವುದಿಲ್ಲ. ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಏರುತ್ತಾರೆ.

ನಮ್ಮ ದೇಶಕ್ಕೆ ಈ ಕಾರುಗಳ ಜೊತೆ ಇರುವ ನೆಂಟಸ್ತಿಕೆ ಬಹಳ ಮಂದಿಯ ಗಮನಕ್ಕೆ ಬಂದಿಲ್ಲ. 1955ರಲ್ಲಿ ಬಂದ ಎಂಜಿಎ ಎಂಬ ಚೆಲುವಾದ ಎರಡು ಸೀಟಿನ ಕಾರಿಗೆ ಇದ್ದದ್ದು 1489 ಸಿಸಿಯ ಬಿ-ಸೀರೀಸ್ ಎಂಜಿನ್. ದಶಕಗಳ ಕಾಲ ನಮ್ಮ ಅಂಬಾಸಿಡರ್ ಎಳೆದದ್ದೂ ಅದೇ ಮನೆತನದ, ಅದೇ ಅಳತೆಯ ಎಂಜಿನ್. ಎಂಜಿಎಗೆ ಎರಡು ಎಸ್‌ಯು ಕಾರ್ಬ್ಯುರೇಟರ್, ಅಂಬಾಸಿಡರಿಗೆ ಒಂದು. ಮದರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಮೂಲತಃ ಟ್ರಯಂಫ್ ಹೆರಾಲ್ಡ್; ಅದರ ಚಾಸಿಯನ್ನೇ ಮೊಟಕುಗೊಳಿಸಿ ಟ್ರಯಂಫ್ ಸ್ಪಿಟ್‌ಫೈರ್ ರೂಪಿಸಿದರು. ಹಾಗಾಗಿ ಬಾಡಿಗೆ ಅಂಬಾಸಿಡರಿನ ಟ್ಯಾಪೆಟ್ ಸರಿಮಾಡಿ, ಪಾಯಿಂಟ್ ಗ್ಯಾಪ್ ಹಿಡಿದು ಬೆಳೆದ ಮೆಕ್ಯಾನಿಕ್ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಬಾನೆಟ್ ತೆರೆದರೂ ಅಪರಿಚಿತ ಮನೆ ಹೊಕ್ಕಂತೆ ತಬ್ಬಿಬ್ಬಾಗುವುದಿಲ್ಲ. ಟಿಸಿಯ ಎಂಜಿನ್ ಮಾತ್ರ ಬೇರೆ ಜಾತಿ: ಅದರ ಬೋಲ್ಟುಗಳ ಮರೆ (ಥ್ರೆಡ್) ಮೆಟ್ರಿಕ್, ತಲೆ ವಿಟ್ವರ್ಥ್ ಅಳತೆಯದು. ಅಂಗಡಿಯಲ್ಲಿ ಸಿಕ್ಕ ಬೋಲ್ಟನ್ನು ಬಲವಂತವಾಗಿ ಬಿಗಿದರೆ ಬ್ಲಾಕಿನ ಮರೆಯೇ ಹಾಳು. ಇಂಥ ಕಡೆ ಲೇತ್ ಕೆಲಸದವನ ತಾಳ್ಮೆಯೇ ಕಾರನ್ನು ಉಳಿಸುವುದು.

ಓಡಿಸಿದರೆ ಅಪಘಾತವಾದೀತು, ಮೂಲ ಭಾಗಗಳು ಸವೆದುಹೋದಾವು ಎಂಬ ಆಕ್ಷೇಪ ನಿಜವಾದದ್ದೇ. ಜಗತ್ತಿನಲ್ಲಿ ಒಂದೇ ಉಳಿದಿರುವ ಕಾರನ್ನು ಟ್ರ್ಯಾಕಿಗೆ ಇಳಿಸಬಾರದು. ಅದಕ್ಕೆ ಸಂಗ್ರಹಾಲಯವೇ ಸರಿ. ಸಾವಿರಗಟ್ಟಲೆ ತಯಾರಾದ ಎಂಜಿಗಳಿಗೆ ಆ ನಿಯಮ ಬೇಕಿಲ್ಲ. ಬುಷ್, ಲೈನಿಂಗ್, ಬೇರಿಂಗ್ ಸವೆಯಲೆಂದೇ ಮಾಡಿದ ಭಾಗಗಳು, ಬದಲಾಯಿಸುವುದೇ ಅವುಗಳ ಕ್ರಮ. ಇದು ಶ್ರೀಮಂತರ ಆಟ ಎನ್ನುವ ಮಾತಿಗೂ ಆಧಾರವಿದೆ. ಮದರಾಸಿನ ಹತ್ತಿರದ ಶೋಲಾವರಂನಲ್ಲಿ, ಯುದ್ಧಕಾಲದ ವಿಮಾನ ಓಡುದಾರಿಯ ಮೇಲೆ ನಡೆಯುತ್ತಿದ್ದ ರೇಸಿಗೆ ಬಂಟ್ವಾಳ ಮೂಲದ ಕುಟುಂಬದ ವಿಜಯ ಮಲ್ಯ ಫಾರ್ಮುಲಾ ಒನ್ ಕಾರನ್ನೇ ತಂದಿದ್ದರು. ಆದರೆ ಅದೇ ಓಡುದಾರಿಯಲ್ಲಿ ಹೆರಾಲ್ಡ್, ಫಿಯೆಟ್‌ಗಳನ್ನು ಸ್ವಂತ ಕೈಯಿಂದ ಸಜ್ಜುಗೊಳಿಸಿ ತಂದ ಹವ್ಯಾಸಿಗಳೂ ಓಡಿದ್ದಾರೆ. ದುಡ್ಡು ಕಾರನ್ನು ಕೊಂಡೀತು, ಎರಡು ಕಾರ್ಬ್ಯುರೇಟರುಗಳ ಉಸಿರನ್ನು ಸಮಗೊಳಿಸುವ ಕಿವಿಯನ್ನಲ್ಲ. ಹಳೆಯ ಕಾರುಗಳು ಹೊಗೆ ಉಗುಳುತ್ತವಲ್ಲ ಎಂಬ ಪ್ರಶ್ನೆಗೆ, ವರ್ಷಕ್ಕೆ ಕೆಲವೇ ಬಾರಿ ಹೊರಬರುವ ಕಾರುಗಳ ಪಾಲು ತೀರ ಸಣ್ಣದು ಎಂಬುದೇ ಉತ್ತರ.

2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ಮೀರಿದ, ಮೂಲ ರೂಪದಲ್ಲಿರುವ ವಾಹನಗಳಿಗೆ ‘ವಿಎ’ ಅಕ್ಷರಗಳ ಪ್ರತ್ಯೇಕ ನೋಂದಣಿ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದಕ್ಕೆ ರಸ್ತೆಗಿಳಿಸಬಹುದು, ದಿನಬಳಕೆಗೆ ಇಲ್ಲ. ಕಾಗದದ ಮೇಲಿನ ದಾರಿ ಹೀಗೆ ತೆರೆದಿದೆ. ಇಂಧನದ ದಾರಿ ಕಷ್ಟವಾಗುತ್ತಿದೆ: ಈಗಿನ ಪೆಟ್ರೋಲಿನಲ್ಲಿರುವ ಶೇ 20 ಎಥನಾಲ್ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ತಿನ್ನುತ್ತದೆ. ಅದಕ್ಕಿಂತ ಗಂಭೀರವಾದದ್ದು ಕೈಗಳ ಕೊರತೆ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಅದನ್ನು ಬಲ್ಲ ಮೆಕ್ಯಾನಿಕ್‌ಗಳಿಗೆ ಈಗ ವಯಸ್ಸಾಗಿದೆ. ಉಜಿರೆಯಲ್ಲೂ ಮೂಡುಬಿದಿರೆಯಲ್ಲೂ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿನ ಮೆಕ್ಯಾನಿಕಲ್ ವಿದ್ಯಾರ್ಥಿಗಳನ್ನು ಒಂದು ಸೆಮಿಸ್ಟರ್ ಇಂಥ ಗ್ಯಾರೇಜುಗಳಿಗೆ ಕಳಿಸಿ, ಬಿ-ಸೀರೀಸ್ ಎಂಜಿನ್ ಬಿಚ್ಚಿ ಕಟ್ಟುವ ಕ್ರಮ, ಬುಷ್‌ಗಳ ಅಳತೆ, ಟ್ಯೂನಿಂಗಿನ ಗುಟ್ಟು ಎಲ್ಲವನ್ನೂ ಕನ್ನಡದಲ್ಲೇ ಬರೆಸಿ, ಚಿತ್ರ ಸಮೇತ ದಾಖಲಿಸಬೇಕು. ಆ ಕೆಲಸ ಈ ವರ್ಷವೇ ಶುರುವಾಗಬೇಕು.