ಪತ್ರದ ಮೇಲಿನ ವಿಳಾಸ

ಟಿನ್ ಫ್ಯಾಕ್ಟರಿ ಜಂಕ್ಷನ್‌ನಲ್ಲಿ ಆಟೋ ನಿಂತಿತ್ತು. ಅಲ್ಲಿ ಗಾಡಿ ಓಡಿದ್ರೆ ಸುದ್ದಿ, ನಿಂತರೆ ಸುದ್ದಿಯೇನಲ್ಲ, ಬಿಡಿ. ಮುಂದೆ ತೂಗುಸೇತುವೆ, ಅದರ ಕೆಳಗೆ ಕೆ.ಆರ್.ಪುರದ ಹಳಿಗಳು. ಕಂಬಕ್ಕೆ ಅಂಟಿಸಿದ್ದ ರೈಲ್ವೆ ಯೂನಿಯನ್ ಪೋಸ್ಟರ್ ತೋರಿಸಿ ಚಾಲಕರು ಕೇಳಿದ್ರು: "ಸಾರ್, ಇವರಿಗೆ ಗೌರ್ಮೆಂಟ್ ಕೆಲಸ, ಕ್ವಾರ್ಟರ್ಸು, ಪಾಸು ಎಲ್ಲಾ ಇದೆ. ಮತ್ಯಾಕೆ ರಾಜಕೀಯ ಮಾಡ್ತಾರೆ?"

ಒಳ್ಳೆ ಪ್ರಶ್ನೆ. ಉತ್ತರ ಒಂದು ಸಿಗ್ನಲ್ಲಿಗೆ ಮುಗಿಯೋದಲ್ಲ.

ನೋಡಿ, ಖಾಸಗಿ ಕಾರ್ಖಾನೆಯ ಕೆಲಸಗಾರ ಸಂಬಳ ಸಾಲದು ಅಂತ ಪತ್ರ ಬರೆದರೆ ಅದು ಮಾಲೀಕನ ಮೇಜಿಗೆ ಹೋಗುತ್ತೆ. ಇಬ್ಬರಿಗೂ ಜಗಳ ಆದರೆ ಸರ್ಕಾರ ಮಧ್ಯಸ್ಥಿಕೆಗೆ ಬರುತ್ತೆ. ರೈಲ್ವೆಯಲ್ಲಿ ಮಾಲೀಕನೂ ಸರ್ಕಾರ, ಮಧ್ಯಸ್ಥನೂ ಸರ್ಕಾರ, ಪೊಲೀಸರನ್ನು ಕಳಿಸೋದೂ ಸರ್ಕಾರ. ಪತ್ರದಲ್ಲಿ ಬರೀ ಡ್ಯೂಟಿ ಅವಧಿಯ ಮಾತಿದ್ದರೂ ವಿಳಾಸ ಮಾತ್ರ ದೆಹಲಿಯದು. ರಾಜಕೀಯ ಆ ವಿಳಾಸದಲ್ಲೇ ಇದೆ ಸ್ವಾಮಿ.

ಇದನ್ನು ಚೆನ್ನಾಗಿ ಅರಿತಿದ್ದವರು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಮಂತ್ರಿಯಾಗಿ ಎಲ್ಲರಿಗೂ ಗೊತ್ತು, ಸಂಪಾದಕರಾಗಿ ಎಷ್ಟು ಜನಕ್ಕೆ ಗೊತ್ತು? ಪಾದ್ರಿಯಾಗಲಿ ಅಂತ ಮನೆಯವರು ಬೆಂಗಳೂರಿನ ಸೆಮಿನರಿಗೆ ಕಳಿಸಿದ್ದರು. ಅಲ್ಲಿಂದ ಹೊರಬಿದ್ದು 1949ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಕನ್ನಡದ 'ರೈತವಾಣಿ' ವಾರಪತ್ರಿಕೆಗೆ ಸಂಪಾದಕರಾದರು. ಕೊಂಕಣಿಯಲ್ಲೂ ಒಂದು ಮಾಸಿಕ ನಡೆಸಿದರು. ಆಮೇಲೆ ಬೊಂಬಾಯಿ. ಚೌಪಾಟಿಯ ಬೆಂಚಿನ ಮೇಲೆ ಮಲಗಿದ ದಿನಗಳು, ಪತ್ರಿಕೆಯೊಂದರಲ್ಲಿ ಪ್ರೂಫ್ ತಿದ್ದುವ ಕೆಲಸ. ಅಲ್ಲಿ ನಿಂತುಹೋಗಿದ್ದ 'ಡಾಕ್‌ಮನ್' ಎಂಬ ಬಂದರು ಕಾರ್ಮಿಕರ ವಾರಪತ್ರಿಕೆಯನ್ನು 1952-53ರಲ್ಲಿ ಮತ್ತೆ ಹೊರತಂದರು. ಮುಂದೆ ಹಿಂದಿಯ 'ಪ್ರತಿಪಕ್ಷ'ದ ಸಂಪಾದಕರೂ ಆದರು. 1967ರಲ್ಲಿ ದಕ್ಷಿಣ ಬೊಂಬಾಯಿಯಲ್ಲಿ ಅವರು ಸೋಲಿಸಿದ್ದು ಯಾರನ್ನ ಗೊತ್ತಾ? ಎಸ್.ಕೆ. ಪಾಟೀಲರನ್ನ. ಆಗಿನ ರೈಲ್ವೆ ಮಂತ್ರಿಯನ್ನ!

1973ರಲ್ಲಿ ಅಖಿಲ ಭಾರತ ರೈಲ್ವೆಮೆನ್ ಫೆಡರೇಷನ್‌ಗೆ ಅಧ್ಯಕ್ಷರಾದರು. ಆಗ ಉಗಿ ಬಂಡಿಗಳ ಕಾಲ. ಗೂಡ್ಸ್ ಗಾಡಿ ಹತ್ತಿದ ಡ್ರೈವರು, ಫೈರ್‌ಮನ್ ಯಾವಾಗ ಇಳೀತಾರೆ ಅಂತ ಮನೆಯವರಿಗೂ ಗೊತ್ತಿರುತ್ತಿರಲಿಲ್ಲ. ಪ್ಯಾಸೆಂಜರ್ ಗಾಡಿಗೆ ದಾರಿ ಬಿಟ್ಟು ಲೂಪ್ ಲೈನಿನಲ್ಲಿ ಗಂಟೆಗಟ್ಟಲೆ ಕಾಯೋದು, ಆದರೆ ಬೆಂಕಿ ಆರುವಂತಿಲ್ಲ, ಕಣ್ಣು ಮುಚ್ಚುವಂತಿಲ್ಲ. ಎಂಟು ಗಂಟೆ ಡ್ಯೂಟಿ, ಬೋನಸ್ಸು, ಬೇರೆ ಸರ್ಕಾರಿ ಉದ್ದಿಮೆಗಳ ಸಮ ಸಂಬಳ: ಮುಖ್ಯ ಬೇಡಿಕೆಗಳು ಇವು. ಮಾತುಕತೆ ನಡೀತಾ ಇತ್ತು. ಅಷ್ಟರಲ್ಲಿ ಮೇ 2ಕ್ಕೆ ಲಖನೌನಲ್ಲಿ ಫರ್ನಾಂಡಿಸರ ಬಂಧನ. ನಾಯಕ ಜೈಲಿನಲ್ಲಿದ್ದರೂ 1974ರ ಮೇ 8ಕ್ಕೆ ಮುಷ್ಕರ ಶುರುವಾಯ್ತು. ಸುಮಾರು 17 ಲಕ್ಷ ಕಾರ್ಮಿಕರ ಮುಷ್ಕರ ಅಂತಲೇ ಅದಕ್ಕೆ ಹೆಸರು. ಸಾವಿರಾರು ಜನ ಜೈಲಿಗೆ ಹೋದರು, ಸಾವಿರಾರು ಜನರ ಕೆಲಸ ಹೋಯ್ತು, ಕ್ವಾರ್ಟರ್ಸಿನಿಂದ ಹೆಂಡತಿ ಮಕ್ಕಳನ್ನು ಹೊರಗೆ ಹಾಕಿದರು. 20 ದಿನಕ್ಕೆ ಮುಷ್ಕರ ಮುರಿದುಬಿತ್ತು. ಆಟೋದವರು ಹೇಳಿದರಲ್ಲ ಕ್ವಾರ್ಟರ್ಸು ಅಂತ? ಮನೆಯ ಬೀಗದ ಕೈಯೂ ಮಾಲೀಕನದೇ ಆಗಿದ್ದರೆ ಹೀಗಾಗುತ್ತೆ.

ಮರುವರ್ಷ ತುರ್ತು ಪರಿಸ್ಥಿತಿ ಬಂತು. ಪತ್ರಿಕೆಗಳಿಗೆ ಸೆನ್ಸಾರ್. ಫರ್ನಾಂಡಿಸ್ ವೇಷ ಮರೆಸಿಕೊಂಡು ಓಡಾಡುತ್ತಾ ಬರೆದರು. ಇಂದಿರಾ ಗಾಂಧಿಯವರಿಗೇ ಬರೆದರು, ಅಂಚೆಯನ್ನೂ ಸೆನ್ಸಾರನ್ನೂ ತಪ್ಪಿಸಿ ಸಂಗಾತಿಗಳಿಗೆ ಸುತ್ತೋಲೆ ಕಳಿಸಿದರು. ಸಂಪಾದಕನಿಗೆ ಪತ್ರಿಕೆ ಇಲ್ಲದಾಗ ಕೈಯಿಂದ ಕೈಗೆ ದಾಟುವ ಹಾಳೆಯೇ ಪತ್ರಿಕೆ.

ಆದರೆ ನನ್ನನ್ನು ಇವತ್ತಿಗೂ ಕಾಡೋದು ಅವರು ಬರೆದ ಪತ್ರವಲ್ಲ, ಅವರ ತಾಯಿ ಬರೆದದ್ದು. 1976ರ ಮೇ 1, ಕಾರ್ಮಿಕ ದಿನ. ಬೆಂಗಳೂರಿನ ರಿಚ್ಮಂಡ್ ಟೌನ್‌ನ ಮನೆಯಿಂದ ತಮ್ಮ ಲಾರೆನ್ಸ್‌ರನ್ನು ಪೊಲೀಸರು ಎತ್ತಿಕೊಂಡು ಹೋದರು. ಕೇಳಿದ್ದು ಒಂದೇ: ನಿಮ್ಮಣ್ಣ ಎಲ್ಲಿ? ಹೊಡೆತಕ್ಕೆ ಆ ಮನುಷ್ಯ ಇನ್ನೊಬ್ಬರ ಆಸರೆಯಿಲ್ಲದೆ ನಡೆಯಲಾರದ ಸ್ಥಿತಿಗೆ ಬಂದರು. ತಾಯಿ ಆಲಿಸ್ ಫರ್ನಾಂಡಿಸ್ ಇದನ್ನೆಲ್ಲ ರಾಷ್ಟ್ರಪತಿಗೆ ಬರೆದರು. ಇಲ್ಲಿಯ ಪತ್ರಿಕೆಗಳು ಅದನ್ನು ಅಚ್ಚು ಹಾಕುವಂತಿರಲಿಲ್ಲ. ಪತ್ರ ಮಾತ್ರ ನಿಲ್ಲಲಿಲ್ಲ, ಪ್ರತಿಗಳಾಗಿ ವಿದೇಶ ಮುಟ್ಟಿತು. ಅದೇ ಮೇ ತಿಂಗಳಲ್ಲಿ ಬೆಂಗಳೂರಿನ ನಟಿ ಸ್ನೇಹಲತಾ ರೆಡ್ಡಿ ಕೂಡ ಜೈಲು ಸೇರಿದರು. ಆಸ್ತಮಾದಿಂದ ಜರ್ಜರಿತರಾಗಿ ಪೆರೋಲ್ ಮೇಲೆ ಹೊರಬಂದ ಆಕೆ 1977ರ ಜನವರಿ 20ರಂದು ತೀರಿಕೊಂಡರು. ಜಾರ್ಜ್ ಸಿಕ್ಕಿಬಿದ್ದದ್ದು ಜೂನ್ 10ಕ್ಕೆ, ಕಲ್ಕತ್ತಾದಲ್ಲಿ.

1977ರಲ್ಲಿ ಜೈಲಿನಿಂದಲೇ ಮುಜಫರಪುರದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಜನತಾ ಸರ್ಕಾರ ವಜಾ ಆದವರನ್ನು ವಾಪಸ್ ತೆಗೆದುಕೊಂಡಿತು. 1979ರಲ್ಲಿ, ಚರಣ್ ಸಿಂಗ್ ಕಾಲದಲ್ಲಿ, ರೈಲ್ವೆಯವರಿಗೆ ಬೋನಸ್ ಬಂತು. 1989ರ ಡಿಸೆಂಬರಿನಲ್ಲಿ ಇದೇ ಫರ್ನಾಂಡಿಸ್ ರೈಲ್ವೆ ಮಂತ್ರಿ. ಅಂದರೆ ಪತ್ರಗಳೆಲ್ಲ ಈಗ ಅವರ ವಿಳಾಸಕ್ಕೇ! ಅವರ ಕಾಲದಲ್ಲಿ ಕೊಂಕಣ ರೈಲ್ವೆ ನಿಗಮ ಹುಟ್ಟಿತು ಅಂತ ನಾವು ಕರಾವಳಿಯವರು, ಘಟ್ಟದವರು ಎಲ್ಲ ಹೊಗಳ್ತೀವಿ. ಹೊಗಳಬೇಕು ಕೂಡ. ಎಂಟು ಗಂಟೆಯ ಬೇಡಿಕೆ ಏನಾಯ್ತು ಅಂತ ಯಾರೂ ಕೇಳಲ್ಲ.

2024ರ ಜೂನ್‌ನಲ್ಲಿ ದಕ್ಷಿಣ ರೈಲ್ವೆಯ ಲೋಕೋ ಪೈಲಟ್‌ಗಳು ಹೋರಾಟಕ್ಕಿಳಿದರು. ಅವರ ಲೆಕ್ಕ ಸರಳ. ಡ್ಯೂಟಿ ಮುಗಿಸಿ ಊರಿಗೆ ಬಂದಾಗ 16 ಗಂಟೆ ವಿಶ್ರಾಂತಿ. ವಾರದ ರಜೆ 30 ಗಂಟೆ. ಎರಡನ್ನೂ ಕೂಡಿಸಿ 46 ಗಂಟೆ ಕೊಡಿ, ಆ 16 ಗಂಟೆಯನ್ನು 30ರೊಳಗೇ ನುಂಗಬೇಡಿ ಅನ್ನೋದು ವಾದ. ನಿದ್ದೆಗೆಟ್ಟವನ ಹಿಂದೆ ಸಾವಿರ ಜನ ಕೂತಿರ್ತಾರಲ್ವಾ?

ಸಿಗ್ನಲ್ ಬಿಟ್ಟಿತು. ಆಟೋದವರನ್ನು ಕೇಳಿದೆ, ನಿಮ್ದು ದಿನಕ್ಕೆ ಎಷ್ಟು ಗಂಟೆ? "ಹದಿಮೂರು, ಹದಿನಾಲ್ಕು ಸಾರ್." ಯಾರಿಗೆ ಹೇಳ್ತೀರಿ ಅಂದೆ. ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿದರು. "ಯಾರಿಗೆ ಅಂತ ಹೇಳಲಿ ಸಾರ್?"